ಇಬ್ಬರು ಮಕ್ಕಳು, ಒಂದೇ ಕೋಣೆ: ದೊಡ್ಡವಳು ಶಾಲೆಯ ಸುದ್ದಿ ಹೇಳುವುದೇ ಇಲ್ಲ, ಏನು ಮಾಡಲಿ?

ಕಾಳಿ ದಂಡೆ (ಕಾರವಾರ)

ನನಗೆ ಇಬ್ಬರು ಹೆಣ್ಣುಮಕ್ಕಳು. ದೊಡ್ಡವಳು ಮೂರನೇ ಕ್ಲಾಸು, ಸಣ್ಣವಳು ಒಂದನೇ ಕ್ಲಾಸು. ಸದಾಶಿವಗಡದ ಕಡೆ ಒಂದು ಸಣ್ಣ ಸರ್ಕಾರಿ ಕನ್ನಡ ಶಾಲೆ. ಮಕ್ಕಳು ಕಡಿಮೆ, ಹಾಗಾಗಿ ಒಂದರಿಂದ ಮೂರರವರೆಗೆ ಎಲ್ಲರೂ ಒಂದೇ ನಲಿಕಲಿ (ಆಡುತ್ತಾ ಕಲಿಯುವ ಪದ್ಧತಿ) ಕೋಣೆಯಲ್ಲಿ ಕೂರುತ್ತಾರೆ. ಅಂದರೆ ನನ್ನ ಇಬ್ಬರಿಗೂ ಅದೇ ಕೋಣೆ, ಅದೇ ಅಕ್ಕೋರು (ಟೀಚರ್).

ನನ್ನದು ಕಾರವಾರ ಪೇಟೆಯಲ್ಲಿ ಮೊಬೈಲ್ ರಿಪೇರಿ ಅಂಗಡಿ. ಬೆಳಿಗ್ಗೆ ಇಬ್ಬರನ್ನೂ ಸ್ಕೂಟರ್ ಮೇಲೆ ಕೂರಿಸಿಕೊಂಡು ಶಾಲೆಗೆ ಬಿಟ್ಟು, ಕಾಳಿ ನದಿಯ ಸೇತುವೆ ದಾಟಿ ಅಂಗಡಿಗೆ ಹೋಗುತ್ತೇನೆ. 2024ರ ಆಗಸ್ಟ್‌ನಲ್ಲಿ ಹಳೆ ಸೇತುವೆ ಬಿದ್ದ ಮೇಲೆ ಎರಡೂ ಕಡೆಯ ಗಾಡಿಗಳಿಗೆ ಒಂದೇ ಸೇತುವೆಯಾಯಿತು, ಬೇಗ ಹೊರಡುವುದು ಆಗಿನಿಂದ ರೂಢಿಯಾಗಿದೆ. ಸಂಜೆ ಮಕ್ಕಳನ್ನು ಕರೆತರುವುದು ನನ್ನ ಹೆಂಡತಿ. ನಾನು ಮನೆ ಮುಟ್ಟುವಾಗ ಎಂಟು ದಾಟಿರುತ್ತದೆ. ಹಾಗಾಗಿ ನನಗೆ ಸಿಗುವುದು ಶಾಲೆ ಶುರುವಾಗುವುದಕ್ಕೆ ಮುಂಚಿನ ಹೊತ್ತು, ಆಗಿನ್ನೂ ಏನೂ ನಡೆದಿರುವುದಿಲ್ಲ. ನಡೆದದ್ದೆಲ್ಲ ರಾತ್ರಿ ಊಟದ ಹೊತ್ತಿಗೆ ಹಳತಾಗಿರುತ್ತದೆ. ಅಮ್ಮನಿಗೆ ಒಮ್ಮೆ ಹೇಳಿ ಮುಗಿದಿರುತ್ತದೆ.

ಸಣ್ಣವಳದ್ದು ತೊಂದರೆ ಇಲ್ಲ. ಅವಳು ಎಲ್ಲ ಹೇಳುತ್ತಾಳೆ, ಆಗದೇ ಇದ್ದದ್ದನ್ನೂ ಹೇಳುತ್ತಾಳೆ. ಈಚೆಗೆ ಒಂದು ರಾತ್ರಿ ಊಟಕ್ಕೆ ಕೂತಾಗ "ಪಪ್ಪಾ, ಸೇತುವೆ ಮತ್ತೆ ಬಿತ್ತು" ಅಂದಳು. ನನಗೆ ಎದೆ ಧಸಕ್ ಅಂತು, ಈಗಷ್ಟೇ ಅದರ ಮೇಲೆ ಬಂದಿದ್ದೇನೆ! ಆಮೇಲೆ ಗೊತ್ತಾಯಿತು, ಊಟದ ಬಿಡುವಿನಲ್ಲಿ ಮಕ್ಕಳು ಸ್ಕೇಲು, ಸ್ಲೇಟು ಎಲ್ಲ ಜೋಡಿಸಿ ಸೇತುವೆ ಕಟ್ಟಿದ್ದರಂತೆ. ಕಟ್ಟಿದ್ದು ದೊಡ್ಡವಳು. ಮೇಲೆ ಕಂಪಾಸ್ ಬಾಕ್ಸನ್ನು ಲಾರಿ ಅಂತ ಓಡಿಸಿ ಬೀಳಿಸಿದ್ದು ಸಣ್ಣವಳು. ದೊಡ್ಡವಳ ಹತ್ತಿರ "ಹೇಗೆ ಕಟ್ಟಿದೆ, ಹೇಳು ಮಗಾ" ಅಂದರೆ "ಅವಳು ಹೇಳಿದಳಲ್ಲ, ಮತ್ತೆ ನಾನೆಂತ ಹೇಳೂದು" ಅಂತ ತಟ್ಟೆ ಎತ್ತಿಕೊಂಡು ಎದ್ದಳು.

ದಿನಾ ಹೀಗೇ ಆಗುತ್ತಿದೆ. ಕೇಳಿದರೆ "ಏನಿಲ್ಲ". ಜಾಸ್ತಿ ಕೇಳಿದರೆ ಮುಖ ಊದಿಸಿಕೊಳ್ಳುತ್ತಾಳೆ. ಶಾಲೆಯಲ್ಲಿ ಏನೂ ತೊಂದರೆ ಇಲ್ಲ, ಅಕ್ಕೋರ ಹತ್ತಿರ ವಿಚಾರಿಸಿದ್ದೇನೆ. ಓದಿನ ಬಗ್ಗೆಯೂ ನನಗೆ ಚಿಂತೆ ಇಲ್ಲ. ಯಾರ ಜೊತೆ ಕೂತಳು, ಯಾರ ರಬ್ಬರ್ ಕಳೆಯಿತು, ಇಂಥ ಸಣ್ಣಪುಟ್ಟ ಸುದ್ದಿ ಅವಳ ಬಾಯಿಂದಲೇ ಕೇಳಬೇಕು ಅಂತ ಆಸೆ. ಇಬ್ಬರು ಹೆಣ್ಣುಮಕ್ಕಳ ಅಪ್ಪಂದಿರು ಯಾರಾದರೂ ಇದ್ದರೆ ನೀವು ಏನು ಮಾಡುತ್ತೀರಿ ಹೇಳಿ.

ತೋಟದ ಮಾಣಿ (ಶಿರಸಿ)

ಮಾರಾಯ್ರೆ, ಮೊದಲು ಕೇಳುವುದನ್ನು ಬಿಡಿ. ನಮ್ಮಲ್ಲೂ ಇದೇ ಕತೆ. "ಎಂತ ಆತೇ ಕೂಸೆ ಶಾಲೇಲಿ?" "ಎಂತದೂ ಇಲ್ಲೆ." ಅಷ್ಟೇ, ಮುಗಿಯಿತು.

ನಮ್ಮ ಮನೆ ಊರಿಂದ ಸ್ವಲ್ಪ ಒಳಗೆ. ಮಳೆಗಾಲದಲ್ಲಿ ಹಳ್ಳ ತುಂಬಿದರೆ ಕಾಲುಸಂಕದ ತನಕ ನಾನೇ ಹೋಗಿ ಕೂಸನ್ನು ಕರೆದುಕೊಂಡು ಬರುತ್ತೇನೆ. ಮನೆಗೆ ಬಂದ ಕೂಡಲೇ ಜಗುಲಿಯಲ್ಲಿ ಕೂರಿಸಿ ಕಾಲಿಗೆ ಉಂಬಳ (ಜಿಗಣೆ) ಹತ್ತಿದೆಯಾ ನೋಡುವುದು ನನ್ನ ಕೆಲಸ. ಬೆರಳಿನ ಸಂದಿ, ಹಿಮ್ಮಡಿ, ಮೊಣಕಾಲಿನ ಹಿಂದೆ ಎಲ್ಲ ನೋಡಬೇಕಲ್ಲ, ಹೊತ್ತು ಹಿಡಿಯುತ್ತದೆ. ಆ ಹೊತ್ತಿನಲ್ಲಿ ತಾನಾಗಿ ಶುರು ಮಾಡುತ್ತಾಳೆ. ಯಾರ ಕೊಡೆ ಗಾಳಿಗೆ ಉಲ್ಟಾ ಆಯಿತು, ಯಾರು ಬಿಸಿಯೂಟದ ಸಾರು ಚೆಲ್ಲಿಕೊಂಡರು, ಯಾರು ಯಾರ ಜೊತೆ ಟೂ ಬಿಟ್ಟರು. ನಾನು ಹೂಂ ಅನ್ನುವುದೂ ಕಡಿಮೆ. ಹೂಂ ಜಾಸ್ತಿಯಾದರೆ ಅವಳಿಗೆ ಅನುಮಾನ ಬರುತ್ತದೆ.

ಮಳೆ ಕಳೆದ ಮೇಲೆ ಅಡಿಕೆ ಕೊಯ್ಲು ಶುರು. ರಾತ್ರಿ ಅಡಿಕೆ ಸುಲಿಯುವಾಗ ಪಕ್ಕದಲ್ಲಿ ಕೂತು ಸಿಪ್ಪೆ ಒಟ್ಟು ಮಾಡುತ್ತಾ ಮತ್ತೆ ಮಾತು. ನಿಮ್ಮಲ್ಲಿ ಅಂಥ ಕೆಲಸ ಏನಿದೆ ನೋಡಿ. ಕೈಯಲ್ಲಿ ಕೆಲಸ ಇರಬೇಕು, ಕಣ್ಣು ಬೇರೆ ಕಡೆ ಇರಬೇಕು.

ಊಟದ ಡಬ್ಬಿ ಕೊಂಡೊಯ್ಯುವ ಮಕ್ಕಳಾದರೆ ಇನ್ನೊಂದು ದಾರಿ ಇದೆ, ಡಬ್ಬಿ ತೆರೆದು ನೋಡುವುದು. ದೋಸೆ ಹಾಗೇ ಉಳಿದಿದ್ದರೆ ಅವತ್ತು ಯಾರದ್ದೋ ಹುಟ್ಟುಹಬ್ಬ ಅಂತ ಲೆಕ್ಕ. ಕೇಳುವುದೇ ಬೇಡ.

ಹೊನ್ನಾವರದ ಅಕ್ಕೋರು

ಡಬ್ಬಿ ನೋಡಿ ಪತ್ತೇದಾರಿ ಮಾಡಬೇಡಿ ಮಾರಾಯ್ರೆ. ಮಕ್ಕಳಿಗೆ ಗೊತ್ತಾದರೆ ಡಬ್ಬಿ ದಾರಿಯಲ್ಲೇ ನಾಯಿಗೆ ಖಾಲಿಯಾಗುತ್ತದೆ. ಹಾಗೆ ಮಾಡಿದವರನ್ನು ನೋಡಿದ್ದೇನೆ.

ಕಾರವಾರದ ಅಣ್ಣನಿಗೆ: ನಾನು ನಲಿಕಲಿ ಕೋಣೆಯಲ್ಲೇ ಕಲಿಸುವವಳು. ನಿಮ್ಮ ಪ್ರಶ್ನೆಯಲ್ಲೇ ಉತ್ತರ ಅರ್ಧ ಇದೆ. ನಲಿಕಲಿ 2009-10ರ ಹೊತ್ತಿಗೆ ರಾಜ್ಯದ ಸರ್ಕಾರಿ ಶಾಲೆಗಳಿಗೆಲ್ಲ ಬಂತು. ನಮ್ಮ ನಿಮ್ಮ ಕಾಲದ ಹಾಗೆ "ಇವತ್ತು ಮೂರನೇ ಪಾಠ ಆಯ್ತು" ಅಂತ ಇಲ್ಲಿ ಇಲ್ಲ. ಪ್ರತಿ ಮಗುವೂ ಕಲಿಕಾ ಏಣಿಯಲ್ಲಿ ತನ್ನ ಮೆಟ್ಟಿಲು ನೋಡಿ, ತನ್ನ ಕಾರ್ಡು ತೆಗೆದುಕೊಂಡು, ಆ ಕಾರ್ಡಿಗೆ ಯಾವ ತಟ್ಟೆಯೋ ಅಲ್ಲಿ ಕೂರುತ್ತದೆ. ತಟ್ಟೆ ಅಂದರೆ ಗುಂಪು. ಒಂದನೇ ತಟ್ಟೆಯಲ್ಲಿ ಪೂರ್ತಿ ಶಿಕ್ಷಕರ ಸಹಾಯ, ಮುಂದೆ ಹೋದಂತೆ ಗೆಳೆಯರ ಸಹಾಯ, ಐದನೆಯದರಲ್ಲಿ ತಾನೇ ಕಲಿಯುವುದು, ಕೊನೆಯದರಲ್ಲಿ ಎಷ್ಟು ಬಂತು ಅಂತ ನೋಡುವುದು. ಹಾಗಾಗಿ "ಶಾಲೆಯಲ್ಲಿ ಏನಾಯ್ತು" ಅಂತ ಕೇಳಿದರೆ ಮಗುವಿಗೆ ಎಲ್ಲಿಂದ ಹಿಡಿಯಬೇಕು ಗೊತ್ತಾಗುವುದಿಲ್ಲ. "ಇವತ್ತು ಯಾವ ತಟ್ಟೆ? ಪಕ್ಕದಲ್ಲಿ ಯಾರಿದ್ದರು?" ಅಂತ ಕೇಳಿ ನೋಡಿ. ಕಾರ್ಡಿನ ಮೇಲೆ ಯಾವ ಚಿತ್ರ ಇತ್ತು ಅಂತ ಕೇಳಿ. ಹವಾಮಾನ ನಕ್ಷೆಯಲ್ಲಿ ಇವತ್ತು ಯಾರು ಗುರುತು ಹಾಕಿದರು ಅಂತ ಕೇಳಿ. ನಮ್ಮ ಜಿಲ್ಲೆಯಲ್ಲಿ ಜುಲೈ ತಿಂಗಳ ನಕ್ಷೆ ಪೂರ್ತಿ ಮಳೆಯೇ ಇರುತ್ತದೆ, ಆದರೂ ಗುರುತು ಹಾಕುವುದಕ್ಕೆ ಜಗಳ! ಮಕ್ಕಳು ಬರೆದ ಚಿತ್ರಗಳನ್ನೆಲ್ಲ ತಲೆಯ ಮೇಲಿನ ಕಲಿಕಾ ಚಪ್ಪರಕ್ಕೆ ತೂಗು ಹಾಕುತ್ತೇವೆ. ಶನಿವಾರ ಶಾಲೆ ಮಧ್ಯಾಹ್ನಕ್ಕೇ ಬಿಡುತ್ತದಲ್ಲ, ಅಂಗಡಿಯಿಂದ ಒಂದು ಗಂಟೆ ಬಿಡುವು ಮಾಡಿಕೊಂಡು ಹೋಗಿ, "ನಿನ್ನದು ಯಾವುದು ತೋರಿಸು" ಅನ್ನಿ.

ಇನ್ನು ನಿಜವಾದ ವಿಷಯ. ತಂಗಿಯೂ ಅದೇ ಕೋಣೆಯಲ್ಲಿದ್ದರೆ ಮೂರನೇ ಕ್ಲಾಸಿನವಳು ದಿನವಿಡೀ ಅಕ್ಕನೇ. ತಂಗಿಯ ಪೆನ್ಸಿಲ್ ಕೆತ್ತಿ ಕೊಡಬೇಕು, ಅವಳು ಅತ್ತರೆ ನಾವೂ "ಅಕ್ಕನ್ನ ಕರೀರಿ" ಅಂತಲೇ ಹೇಳುತ್ತೇವೆ. ಗೆಳೆಯರ ಸಹಾಯದ ತಟ್ಟೆಗಳಲ್ಲಂತೂ ದೊಡ್ಡ ಮಕ್ಕಳೇ ಸಣ್ಣವರಿಗೆ ಹೇಳಿಕೊಡುವುದು ಜಾಸ್ತಿ. ಸಂಜೆ ಮನೆಗೆ ಬಂದರೆ ತಂಗಿ ಎಲ್ಲ ಸುದ್ದಿಯನ್ನೂ ಮೊದಲೇ ಮಾರಿ ಮುಗಿಸಿರುತ್ತಾಳೆ. ಪಾಪ, ಅವಳದ್ದು ಅಂತ ಏನು ಉಳಿಯಿತು? ಮುಂದಿನ ವರ್ಷ ನಾಲ್ಕಕ್ಕೆ ಹೋದಾಗ ಕೋಣೆ ಬೇರೆಯಾಗುತ್ತದೆ, ಆಗ ಬಹಳಷ್ಟು ತಾನೇ ಸರಿಹೋಗುತ್ತದೆ. ಅಲ್ಲಿಯವರೆಗೆ ಒಂದು ಮಾಡಿ, ಅಕ್ಕನ ಸುದ್ದಿಯನ್ನು ತಂಗಿಯ ಹತ್ತಿರ ಕೇಳಬೇಡಿ. "ಅಕ್ಕ ಇವತ್ತು ಏನು ಮಾಡಿದಳು" ಅಂತ ಒಮ್ಮೆ ಕೇಳಿದರೂ ಸಾಕು, ಸಣ್ಣವಳು ನಿಮ್ಮ ವರದಿಗಾರಳಾಗುತ್ತಾಳೆ.

ಬೈತಖೋಲ್ ಬೋಟು

ನಾನು ಟ್ರಾಲ್ ಬೋಟಿನಲ್ಲಿ ಕೆಲಸ ಮಾಡುವವನು. ನನಗೂ ಎರಡು ಹೆಣ್ಣು. ನಿಮಗೆ ದಿನಾ ರಾತ್ರಿ ಎಂಟಕ್ಕಾದರೂ ಮಕ್ಕಳ ಮುಖ ಕಾಣುತ್ತದೆ, ಪುಣ್ಯ ಮಾಡಿದ್ದೀರಿ.

ನಮಗೆ ಜೂನ್ 1ರಿಂದ ಜುಲೈ 31ರವರೆಗೆ ಮೀನುಗಾರಿಕೆ ಬಂದ್, 61 ದಿನ. ಶಾಲೆ ಬಾಗಿಲು ತೆರೆಯುವುದೂ ನಮ್ಮ ಬೋಟು ದಡ ಸೇರುವುದೂ ಹೆಚ್ಚುಕಮ್ಮಿ ಒಂದೇ ವಾರ. ಹಾಗಾಗಿ ವರ್ಷದ ಮೊದಲ ಎರಡು ತಿಂಗಳು ಬ್ಯಾಗು, ಕೊಡೆ, ಪುಸ್ತಕಕ್ಕೆ ಬೈಂಡು, ಲೇಬಲ್ಲು ಎಲ್ಲ ನನ್ನ ಪಾಲು. ಅದರಲ್ಲೂ ಮಳೆ ರಜೆ. ಬೆಳಿಗ್ಗೆ ಎದ್ದು ಮಕ್ಕಳು ಮೊದಲು ಕೇಳುವುದೇ "ಡಿಸಿ ರಜೆ ಕೊಟ್ರಾ?" ಅಂತ. ಗ್ರೂಪಿನಲ್ಲಿ ಯಾರೋ ಹೋದ ವರ್ಷದ ಆದೇಶ ಫಾರ್ವರ್ಡ್ ಮಾಡಿರುತ್ತಾರೆ, ನಾನು ತಾರೀಕು ನೋಡಿ ಅಲ್ಲ ಅಂದರೆ ನಾನೇ ರಜೆ ರದ್ದು ಮಾಡಿದವನ ಹಾಗೆ ಇಬ್ಬರೂ ನನ್ನ ಮೇಲೆ ಸಿಟ್ಟು.

ಆಗಸ್ಟ್‌ನಲ್ಲಿ ಬೋಟು ನೀರಿಗೆ ಇಳಿದ ಮೇಲೆ ಎಲ್ಲ ಫೋನಿನಲ್ಲೇ. ನೀರಿನಲ್ಲಿ ದೂರ ಹೋದರೆ ನೆಟ್‌ವರ್ಕ್ ಇಲ್ಲ. ಮಕ್ಕಳು ಅವರ ಅಮ್ಮನ ಫೋನಿನಿಂದ ವಾಯ್ಸ್ ಮೆಸೇಜ್ ಹಾಕಿಡುತ್ತಾರೆ. ನಾವು ವಾಪಸು ಬರುವಾಗ ದಡ ಹತ್ತಿರವಾದ ಕೂಡಲೇ ಟಣ್ ಟಣ್ ಅಂತ ಎಲ್ಲ ಒಟ್ಟಿಗೆ ಬೀಳುತ್ತವೆ. ಇದಕ್ಕೆ ನಮ್ಮ ಮನೆಯಲ್ಲಿ ಒಂದೇ ಕಾನೂನು, ಒಬ್ಬಳು ಮಾತಾಡುವಾಗ ಇನ್ನೊಬ್ಬಳು ಕೋಣೆಯಲ್ಲಿ ಇರಬಾರದು. ಮೊದಲು ಇಬ್ಬರೂ ಒಟ್ಟಿಗೆ ಕೂಗಾಡಿ ಏನೂ ಅರ್ಥ ಆಗುತ್ತಿರಲಿಲ್ಲ, ಅದಕ್ಕೇ ಅವರ ಅಮ್ಮ ಮಾಡಿದ ಕಾನೂನು. ಆಮೇಲೆ ನೋಡಿದರೆ ಬಾಯೇ ಬಿಡದಿದ್ದ ನನ್ನ ದೊಡ್ಡವಳು ಈಗ ಉದ್ದುದ್ದ ಹೇಳುತ್ತಾಳೆ. ಮೊಟ್ಟೆಯ ಸುದ್ದಿಯೇ ಒಂದು ಪುರಾಣ. ಈಗ ವಾರಕ್ಕೆ ಆರು ದಿನ ಮೊಟ್ಟೆ ಕೊಡುತ್ತಾರಲ್ಲ, ಬೇಡದವರಿಗೆ ಬಾಳೆಹಣ್ಣು. ಇವಳ ಗೆಳತಿಗೆ ಹಳದಿ ಭಾಗ ಆಗುವುದಿಲ್ಲ, ಇವಳಿಗೆ ಬಿಳಿ ಆಗುವುದಿಲ್ಲ, ಇಬ್ಬರೂ ಅದಲುಬದಲು ಮಾಡಿಕೊಳ್ಳುತ್ತಾರಂತೆ. ಇದನ್ನು ಅಮ್ಮನಿಗೆ ಹೇಳಬೇಡ ಅಂತ ಕೊನೆಗೆ ಪಿಸುಮಾತು, ಅಮ್ಮನ ಫೋನಿನಲ್ಲೇ!

ನೀವೂ ಅಂಗಡಿಯಲ್ಲೇ ಇರುತ್ತೀರಲ್ಲ, ಫೋನು ಕೈಯಲ್ಲೇ ಇರುತ್ತದೆ. ದೊಡ್ಡವಳಿಗೆ ಮಾತ್ರ ಸಂಜೆ ಒಂದು ವಾಯ್ಸ್ ಹಾಕಲು ಹೇಳಿ ನೋಡಿ.

ಕುಮಟೆಯ ಆಯಿ

ಎಲ್ಲ ಓದಿದೆ. ಅಪ್ಪಂದಿರೆಲ್ಲ ಕತೆ ಕೇಳಲು ತಯಾರು. ಬೆಳಿಗ್ಗೆ ಜಡೆ ಹಾಕುವವರು ಯಾರು ಅಂತ ಒಬ್ಬರೂ ಬರೆಯಲಿಲ್ಲ.

ತೋಟದವರು ಹೇಳಿದ್ದು ಸರಿಯೇ, ಆದರೆ ಎಲ್ಲರ ಮನೆಯಲ್ಲೂ ಅಡಿಕೆ ಇಲ್ಲ, ಉಂಬಳವೂ ಇಲ್ಲ. ಕೂದಲು ಎಲ್ಲ ಹೆಣ್ಣುಮಕ್ಕಳಿಗೂ ಇದೆ. ಕಾಳಿ ದಂಡೆಯವರೇ, ಬೆಳಿಗ್ಗೆ ನಿಮಗೆ ಹೊತ್ತು ಇದೆ ಅಂದಿರಿ. ಹಾಗಾದರೆ ದೊಡ್ಡವಳ ಎರಡು ಜಡೆ ನಾಳೆಯಿಂದ ನೀವು ಹಾಕಿ. ಸಣ್ಣವಳ ಜಡೆ ಅವಳ ಅಮ್ಮ ಹಾಕಲಿ, ಬೇರೆ ಕೋಣೆಯಲ್ಲಿ. ಬೆನ್ನು ನಿಮ್ಮ ಕಡೆ, ಮುಖ ಗೋಡೆ ಕಡೆ, ಕೂದಲು ನಿಮ್ಮ ಕೈಯಲ್ಲಿ, ಎದ್ದು ಹೋಗಲೂ ಆಗುವುದಿಲ್ಲ. ನಿನ್ನೆಯ ಸುದ್ದಿ ಬೆಳಿಗ್ಗೆ ಬರುತ್ತದೆ ನೋಡಿ. ಸುದ್ದಿ ಬಿಸಿ ಇರಲೇಬೇಕು ಅಂತ ಯಾರು ಹೇಳಿದರು? ಮಕ್ಕಳು ರಾತ್ರಿಯೆಲ್ಲ ಮನಸ್ಸಿನಲ್ಲಿ ಇಟ್ಟುಕೊಂಡದ್ದೇ ಬೆಳಿಗ್ಗೆ ಹೇಳುವುದು.

ಇನ್ನೊಂದು, ಹೇಳದಿದ್ದರೆ ಬಿಡಿ. ಎಂಟು ವರ್ಷದವಳಿಗೂ ತನ್ನದು ಅಂತ ಸ್ವಲ್ಪ ಇರಲಿ. ನಾವು ನಮ್ಮ ಅಪ್ಪನಿಗೆ ಎಲ್ಲ ಹೇಳುತ್ತಿದ್ದೆವಾ?

ಕಾಳಿ ದಂಡೆ (ಕಾರವಾರ)

ಎಲ್ಲರಿಗೂ ಥ್ಯಾಂಕ್ಸ್. ಅಕ್ಕೋರೇ, "ಶಾಲೆಯಲ್ಲೂ ಅಕ್ಕ" ಅನ್ನುವುದು ನನಗೆ ಹೊಳೆದೇ ಇರಲಿಲ್ಲ. ಹೆಂಡತಿಗೆ ಓದಿ ಹೇಳಿದೆ, ಅವಳೂ ಸುಮ್ಮನಾದಳು.

ವಾಯ್ಸ್ ಮೆಸೇಜ್ ನಮ್ಮಲ್ಲಿ ನಡೆಯಲಿಲ್ಲ. ಸಣ್ಣವಳು ಬಾಗಿಲ ಹಿಂದೆ ನಿಂತು ತಾನೂ ಹೇಳುತ್ತಾಳೆ. ಜಡೆ ಮಾತ್ರ ಶುರು ಮಾಡಿದ್ದೇನೆ. ತೋಟದವರು ಹೇಳಿದ ಹಾಗೆ ಮೊದಲು ಏನೂ ಕೇಳಲಿಲ್ಲ. ಬೈತಲೆ ಸೊಟ್ಟ ಅಂತ ಅವಳೇ ಕನ್ನಡಿ ತಂದು ತೋರಿಸಿದಳು. ಇವತ್ತು ಎರಡನೇ ಜಡೆಗೆ ಬರುವಷ್ಟರಲ್ಲಿ ಸುದ್ದಿ ಬಂತು. ಐದನೇ ತಟ್ಟೆಯಲ್ಲಿ ಒಬ್ಬಳೇ ಕೂತಾಗ ಕಿಟಕಿಯಿಂದ ನದಿಯ ಕಡೆ ಕಾಣುತ್ತದಂತೆ, ಅದಕ್ಕೇ ಅವಳಿಗೆ ಆ ತಟ್ಟೆ ಇಷ್ಟ, ಕಾರ್ಡು ಬೇಗ ಮುಗಿದರೂ ಮುಗಿದಿಲ್ಲ ಅಂತ ಕೂತಿರುತ್ತಾಳಂತೆ. ಅಕ್ಕೋರಿಗೆ ಹೇಳಬೇಡ ಅಂದಿದ್ದಾಳೆ. ಹೊನ್ನಾವರದ ಅಕ್ಕೋರೇ, ನೀವು ಆ ಅಕ್ಕೋರಲ್ಲ, ಹಾಗಾಗಿ ಬರೆದೆ.

ಒಂದು ಸಮಸ್ಯೆ ಇದೆ. ರಿಬ್ಬನ್ ನಿಲ್ಲುತ್ತಿಲ್ಲ. ಶಾಲೆ ಮುಟ್ಟುವ ಮೊದಲೇ ಒಂದು ಕಡೆಯದು ಜಾರಿ ಸ್ಕೂಟರ್ ಹಿಂದೆ ಬಾವುಟದ ಹಾಗೆ ಹಾರುತ್ತದೆ.

ಕುಮಟೆಯ ಆಯಿ

ರಿಬ್ಬನ್ ಕೊನೆಗೆ ಕಟ್ಟುತ್ತಿದ್ದೀರಿ, ಅದಕ್ಕೇ. ಜಡೆ ಅರ್ಧ ಆದಾಗಲೇ ರಿಬ್ಬನ್ ನಡುವಿಗೆ ಮಡಚಿ ಕೂದಲಿನ ಎಳೆಗಳ ಜೊತೆ ಸೇರಿಸಿ ಹೆಣೆಯಿರಿ. ತುದಿಗೆ ಬಂದಾಗ ಒಂದು ಗಂಟು ಬಿಗಿಯಾಗಿ ಹಾಕಿ, ಆಮೇಲೆ ಜಡೆಯನ್ನು ಮೇಲಕ್ಕೆ ಮಡಚಿ ಕಿವಿಯ ಹಿಂದೆ ಬುಡದಲ್ಲಿ ಹೂ ಕಟ್ಟಿ. ಹೊಳೆಯುವ ರಿಬ್ಬನ್ ತರಬೇಡಿ, ಅದು ಜಾರುತ್ತದೆ. ಹೆಣೆಯುವ ಮೊದಲು ಕೈಗೆ ಸ್ವಲ್ಪ ಎಣ್ಣೆ ಹಚ್ಚಿಕೊಳ್ಳಿ, ಆದರೆ ಆಮೇಲೆ ಕೈ ತೊಳೆದೇ ಸ್ಕೂಟರ್ ಹಿಡಿಯಿರಿ.