ರಾಯಚೂರಿಗೆ ಐಐಐಟಿ ಬಂದರೂ ಕೆಲಸ ಬೆಂಗಳೂರಿನಲ್ಲೇ ಏಕೆ?

ಪ್ರಶ್ನೆ (ಉಪನ್ಯಾಸಕಿ, ರಾಯಚೂರು):
ಪ್ರಾದೇಶಿಕ ಅಸಮತೋಲನ ಕುರಿತ ಡಾ. ಡಿ.ಎಂ. ನಂಜುಂಡಪ್ಪ ಸಮಿತಿಯು 2002ರಲ್ಲಿ 114 ಹಿಂದುಳಿದ ತಾಲ್ಲೂಕುಗಳನ್ನು ಗುರುತಿಸಿ, ರಾಯಚೂರಿಗೆ ಐಐಟಿ ಕೊಡಬೇಕೆಂದು ಶಿಫಾರಸು ಮಾಡಿತ್ತು. ಅದು 2016ರಲ್ಲಿ ಧಾರವಾಡದ ಪಾಲಾಯಿತು. ನಮಗೆ 2019ರಲ್ಲಿ ಐಐಐಟಿ (ಮಾಹಿತಿ ತಂತ್ರಜ್ಞಾನ ಸಂಸ್ಥೆ) ಸಿಕ್ಕಿತು, ಅದರ ಮೊದಲ ತರಗತಿಗಳು ನಡೆದದ್ದೂ ಹೈದರಾಬಾದಿನ ಬಳಿ. ನಮ್ಮ ಭಾಗಕ್ಕೆ ವಿಶೇಷ ಸ್ಥಾನಮಾನ ಕೊಡುವ ಸಂವಿಧಾನದ 371(ಜೆ) ವಿಧಿ ಜಾರಿಯಾಗಿ ದಶಕ ದಾಟಿದೆ. ಆದರೂ ನನ್ನ ವಿದ್ಯಾರ್ಥಿಗಳು ಫಲಿತಾಂಶ ಬಂದ ವಾರವೇ ಬೆಂಗಳೂರಿನ ರಾತ್ರಿ ಬಸ್ಸು ಹತ್ತುತ್ತಾರೆ. ಜ್ಞಾನವೇ ಬಂಡವಾಳವೆನ್ನುವ ಕಾಲದಲ್ಲಿ ಊರು ಯಾವುದಾದರೇನು ಎನ್ನುವ ಮಾತು ನಮಗೇಕೆ ಅನ್ವಯಿಸುತ್ತಿಲ್ಲ?

ಉತ್ತರ (ಬಳ್ಳಾರಿಯಿಂದ):
ಮೇಡಂ, ಬೆಂಗಳೂರಿನ ಐಟಿ ಒಮ್ಮೆಲೇ ಹುಟ್ಟಿದ್ದಲ್ಲ. 1909ರ ವಿಜ್ಞಾನ ಸಂಸ್ಥೆ, 1940ರ ವಿಮಾನ ಕಾರ್ಖಾನೆ ಎಚ್‌ಎಎಲ್, 1954ರ ಎಲೆಕ್ಟ್ರಾನಿಕ್ಸ್ ಕಾರ್ಖಾನೆ ಬಿಇಎಲ್ ಇವು ಎಂಜಿನಿಯರುಗಳನ್ನು ತಲೆಮಾರುಗಟ್ಟಲೆ ಬೆಳೆಸಿದ ಮೇಲೆಯೇ 1985ರಲ್ಲಿ ಅಮೆರಿಕದ ಚಿಪ್ ಕಂಪನಿ ಟೆಕ್ಸಾಸ್ ಇನ್‌ಸ್ಟ್ರುಮೆಂಟ್ಸ್ ಅಲ್ಲಿಗೆ ಬಂತು. ಅಲ್ಲಿ ಒಂದು ಕೆಲಸ ಬಿಟ್ಟವನಿಗೆ ಮನೆ ಬದಲಿಸದೆಯೇ ಇನ್ನೊಂದು ಸಿಗುತ್ತದೆ. ಮಾಹಿತಿ ಎಲ್ಲಿಗಾದರೂ ತಲುಪೀತು, ಕಸುಬಿನ ಒಳಗುಟ್ಟು ಮಾತ್ರ ಪಕ್ಕದಲ್ಲಿ ಕುಳಿತವರಿಂದಲೇ ಬರಬೇಕು. ನಮ್ಮ ಜೀನ್ಸ್ ಘಟಕಗಳಲ್ಲಿಯೂ ಅಷ್ಟೇ: ಕಟಿಂಗ್ ಮಾಸ್ಟರ್ ಪಕ್ಕದಲ್ಲಿ ನಿಂತು ಬಟ್ಟೆ ಹಿಡಿದ ಹುಡುಗನೇ ಮುಂದೆ ಮಾಸ್ಟರ್ ಆಗುತ್ತಾನೆ.

ಉತ್ತರ (ಕುಷ್ಟಗಿ ಸೀಮೆಯ ರೈತ):
ಸಂಸ್ಥೆ ಎಲ್ಲಿದೆ ಎನ್ನುವುದಕ್ಕಿಂತ, ಜ್ಞಾನದ ಒಡೆತನ ಯಾರದು ಎಂದು ಕೇಳಬೇಕು. ನಮ್ಮ ಹೊಲದಲ್ಲಿ ಹತ್ತಿಯ ಹೈಬ್ರಿಡ್ ಬೀಜೋತ್ಪಾದನೆ, ಅಂದರೆ ಎರಡು ತಳಿಗಳನ್ನು ಬೆರೆಸಿ ಬೀಜ ಮಾಡುವ ಕೆಲಸ ಇದೆ. ನಾಳೆ ಅರಳುವ ಮೊಗ್ಗನ್ನು ಹೆಣ್ಣುಮಕ್ಕಳು ಮಧ್ಯಾಹ್ನವೇ ಗುರುತಿಸಿ, ಅದರ ಕೇಸರವನ್ನು (ಹೂವಿನ ಗಂಡು ಭಾಗ) ಉಗುರಿನಿಂದ ಬಿಡಿಸಿ, ಕೆಂಪು ಕಾಗದದ ಚೀಲ ತೊಡಿಸುತ್ತಾರೆ. ಮರುದಿನ ಬೆಳಗ್ಗೆ ಗಂಡು ಹೂವನ್ನು ತಂದು ಸವರುತ್ತಾರೆ. ಉಗುರು ಸ್ವಲ್ಪ ಆಳಕ್ಕಿಳಿದರೆ ಕಾಯಿಯೇ ಹೋಯಿತು. ಇಷ್ಟು ನಯದ ಕೈಚಳಕಕ್ಕೆ ದಿನಗೂಲಿ; ಬೆರೆಸುವ ಗಂಡು ತಳಿ, ಹೆಣ್ಣು ತಳಿಗಳ ಮೂಲಬೀಜ ಕಂಪನಿಯದು, ಆದ್ದರಿಂದ ಲಾಭದ ದೊಡ್ಡ ಪಾಲೂ ಅಲ್ಲಿಗೇ. ಗಂಗಾವತಿಯ ಕೃಷಿ ಸಂಶೋಧನಾ ಕೇಂದ್ರದಿಂದ ಗಂಗಾವತಿ ಸೋನಾ ಭತ್ತ ಬಂದಂತೆ, ಮೂಲಬೀಜವೂ ಇಲ್ಲಿಯೇ ಸಿದ್ಧವಾದರೆ ಓದಿದ ಹುಡುಗರಿಗೂ ಇಲ್ಲಿಯೇ ಕೆಲಸ ಉಳಿಯುತ್ತದೆ.

ಉಪನ್ಯಾಸಕಿ:
ಒಡೆತನದ ಕೋನದಿಂದ ನಾನು ಯೋಚಿಸಿರಲಿಲ್ಲ. ಸಸ್ಯಶಾಸ್ತ್ರದ ನಾಲ್ವರು ವಿದ್ಯಾರ್ಥಿಗಳನ್ನು ಪ್ರಾಜೆಕ್ಟಿಗೆಂದು ನಿಮ್ಮ ಹೊಲಕ್ಕೆ ಕಳುಹಿಸಬಹುದೇ?

ಕುಷ್ಟಗಿ ಸೀಮೆಯ ರೈತ:
ಅವಶ್ಯ ಕಳುಹಿಸಿ, ಮೇಡಂ. ಮಧ್ಯಾಹ್ನ ಮೂರರ ನಂತರ ಬರಲಿ, ಮೊಗ್ಗು ಬಿಡಿಸುವ ಹೊತ್ತು ಅದು. ಉಗುರು ಕತ್ತರಿಸಿಕೊಂಡು ಬರಬೇಡಿ ಎಂದು ಹೇಳಿ.