ಸಹಾಯ ಬೇಕು: ಹಳೇ ಜಪಾನಿ ವ್ಯಾಕ್ಯೂಮ್ ಕ್ಲೀನರ್‌ನಲ್ಲಿ ಕಿಡಿ ಬರುತ್ತಿದೆ

ಎಲ್ಲರಿಗೂ ನಮಸ್ಕಾರ. ನಾನು ಇರುವುದು ಜಪಾನಿನ ಯೊಕೊಹಾಮಾದಲ್ಲಿ. ಶೋವಾ ಕಾಲದ, ಅಂದರೆ 1989ಕ್ಕಿಂತ ಹಿಂದಿನ ಪುಟ್ಟ ವ್ಯಾಕ್ಯೂಮ್ ಕ್ಲೀನರ್‌ಗಳನ್ನು ಕೂಡಿಡುತ್ತೇನೆ. ಸುಮ್ನೆ ಶೋಕೇಸಿನಲ್ಲಿ ಇಡುವುದಕ್ಕಲ್ಲ, ದಿನಾ ಮನೆ ಕ್ಲೀನ್ ಮಾಡುವುದೂ ಅವುಗಳಲ್ಲೇ. ನನ್ನದು ಆರು ತತಾಮಿ (ಜಪಾನಿನ ಹುಲ್ಲಿನ ನೆಲಹಾಸು) ಚಾಪೆಯ ಕೋಣೆ. ಹೆಣಿಗೆಯ ಉದ್ದಕ್ಕೇ ನಿಧಾನವಾಗಿ ಎಳೆದರೆ ಚಾಪೆಯೂ ಹಾಳಾಗುವುದಿಲ್ಲ, ಸಂದಿಯ ಧೂಳೂ ಬರುತ್ತದೆ.

ಈಗ ನನಗೆ ತುಂಬಾ ಇಷ್ಟವಾದ ಕಿತ್ತಳೆ ಬಣ್ಣದ್ದು ಕೈಕೊಟ್ಟಿದೆ. ಹತ್ತು ನಿಮಿಷ ಓಡುವಷ್ಟರಲ್ಲಿ ಸುಟ್ಟ ವಾಸನೆ, ಗಾಳಿ ಹೊರಬರುವ ಜಾಲರಿಯೊಳಗೆ ನೀಲಿ ಕಿಡಿ. ಬಿಚ್ಚಿ ನೋಡಿದೆ. ಮೋಟಾರಿನ ತಿರುಗುವ ಭಾಗಕ್ಕೆ ಕರೆಂಟ್ ಮುಟ್ಟಿಸುವ ಎರಡು ಕಾರ್ಬನ್ ಬ್ರಷ್‌ಗಳಲ್ಲಿ ಒಂದು 4 ಮಿಲಿಮೀಟರಿಗೆ ಸವೆದಿದೆ, ಇನ್ನೊಂದು 9 ಇದೆ, ಆ ಬ್ರಷ್‌ಗಳು ಉಜ್ಜುವ ತಾಮ್ರದ ಉರುಳೆ, ಅಂದರೆ ಕಮ್ಯುಟೇಟರ್ ಮೇಲೆಲ್ಲಾ ಕಪ್ಪು ಮಸಿ. ಅದೇ ಅಳತೆಯ ಬ್ರಷ್ ಎಲ್ಲೂ ಸಿಗುತ್ತಿಲ್ಲ. ಡ್ರಿಲ್ ಮಷಿನ್‌ನ ದಪ್ಪ ಬ್ರಷ್ ತಂದು ಉಪ್ಪು ಕಾಗದದಲ್ಲಿ ಉಜ್ಜಿ ಕೂರಿಸಬಹುದಾ? ಅಳತೆ ಸರಿಯಿದ್ದರೆ ಸಾಕಾ, ಸ್ಪ್ರಿಂಗಿನ ಬಿಗಿಯೂ ಹೊಂದಬೇಕಾ?

ಇನ್ನೊಂದು ವಿಷಯ. ಮುಂದಿನ ವರ್ಷ ಮೈಸೂರಿಗೆ ವಾಪಸ್ ಬರುತ್ತೇನೆ, ಇವನ್ನು ಬಿಟ್ಟು ಬರಲು ಮನಸ್ಸಿಲ್ಲ. ಇಲ್ಲಿ 100 ವೋಲ್ಟ್, ನಮ್ಮಲ್ಲಿ 230. ಬ್ರಷ್ ಇರುವ ಮೋಟಾರ್ ಆದ್ದರಿಂದ ಕರೆಂಟಿನ ಆವರ್ತನ 50 ಹರ್ಟ್ಸ್ ಆದರೂ 60 ಹರ್ಟ್ಸ್ ಆದರೂ ಚಿಂತೆ ಇಲ್ಲ. ಆದರೆ 400 ವ್ಯಾಟಿನ ಮಷಿನ್‌ಗೆ ವೋಲ್ಟೇಜ್ ಇಳಿಸಲು ಎಷ್ಟು ವಿ.ಎ. (ವೋಲ್ಟ್-ಆಂಪಿಯರ್, ಅಂದರೆ ಹೊರೆ ತಾಳುವ ಸಾಮರ್ಥ್ಯ) ಟ್ರಾನ್ಸ್‌ಫಾರ್ಮರ್ ಬೇಕು? ಸ್ವಿಚ್ ಹಾಕಿದ ತಕ್ಷಣ ಕರೆಂಟ್ ಜಾಸ್ತಿ ಎಳೆಯುತ್ತದೆ ಅಲ್ವಾ, 1000 ಸಾಕಾಗುತ್ತದಾ? ಮಾಡಿ ನೋಡಿದವರು ದಯವಿಟ್ಟು ಹೇಳಿ. ಬ್ರಷ್ ಫೋಟೋ ಬೇಕಿದ್ದರೆ ಹಾಕುತ್ತೇನೆ.