ಸುಮಾ ಕೇಳಿದ್ದಕ್ಕೆ: ವಾಸನೆ, ಬಿಳಿ ಹೋಗೋದು, ಮತ್ತೆ ಮತ್ತೆ ಬರೋದು

ಸುಮಾ, ನಿನ್ನ ಮೆಸೇಜ್ ಬೆಳಿಗ್ಗೆನೇ ನೋಡ್ದೆ ಕಣೇ, ಲ್ಯಾಬಲ್ಲಿ ಕೈ ಬಿಡುವಿರ್ಲಿಲ್ಲ, ಈಗ ಮನೆಗೆ ಬಂದು ಫೋನ್ ಮುಂದೆ ಇಟ್ಕೊಂಡು ಬಾಯಲ್ಲಿ ಹೇಳ್ತಾ ಇದೀನಿ ಅದು ಟೈಪ್ ಮಾಡ್ಕೊಳ್ತಾ ಇದೆ, ಕಾಮಾ ಫುಲ್‌ಸ್ಟಾಪ್ ಹುಡುಕ್ಬೇಡಿ ಯಾರೂ. ಇದು ಹೆಂಗಸ್ರ ಗ್ರೂಪು, ಗಂಡಸ್ರು ಯಾರೂ ಇಲ್ಲ, ಅದಕ್ಕೇ ಬಿಡಿಸಿ ಹೇಳ್ತೀನಿ, ಸುತ್ತಿ ಬಳಸಿ ಹೇಳೋಕೆ ಹೋದ್ರೆ ಯಾರಿಗೂ ಉಪಯೋಗ ಇಲ್ಲ.

ನೀನು ಕೇಳಿದ್ದು ಇಷ್ಟು ತಾನೇ. ಡಾಕ್ಟ್ರು ಬ್ಯಾಕ್ಟೀರಿಯಲ್ ವಜೈನೋಸಿಸ್ ಅಂದಿದ್ರು, ಚಿಕ್ಕದಾಗಿ ಬಿವಿ, ಅಂದ್ರೆ ಯೋನಿ ಒಳಗಿನ ಬ್ಯಾಕ್ಟೀರಿಯಾ ಏರುಪೇರಾಗೋದು, ಮಾತ್ರೆ ತಗೊಂಡಾಗ ಹೋಗುತ್ತೆ, ಮುಟ್ಟು ಒಂದೆರಡು ಸಲ ಆಗೋಷ್ಟ್ರಲ್ಲಿ ಮತ್ತೆ ಅದೇ ಮೀನಿನ ವಾಸನೆ, ನೀರು ನೀರಾಗಿ ಬೂದು ಬಣ್ಣದ್ದು ಹೋಗುತ್ತೆ, ಮಾತ್ರೆ ನುಂಗಿ ನುಂಗಿ ಸಾಕಾಯ್ತು ಮನೆಮದ್ದು ಏನಾದ್ರೂ ಇದ್ರೆ ಹೇಳಿ ಅಂತ. ಅದಕ್ಕೆ ದೊಡ್ಡಮ್ಮ ಬೇವಿನೆಲೆ ಪಟಿಕ ಹಾಕಿ ಕುದಿಸಿದ ನೀರಲ್ಲಿ ತೊಳ್ಕೊಳ್ಳೋಕೆ ಹೇಳಿದ್ರು, ಶೈಲತ್ತಿಗೆ ಮೊಸರಲ್ಲಿ ಹತ್ತಿ ಅದ್ದಿ ಒಳಗಿಡೋ ವಿಡಿಯೋ ಹಾಕಿದ್ರು, ಬೆಳ್ಳುಳ್ಳಿ ಎಸಳಿಂದೂ ಒಂದು ಬಂತು, ರಾತ್ರಿ ಕೊನೇಲಿ ಬೋರಿಕ್ ಪೌಡರ್ ಫಾರ್ವರ್ಡ್. ಆ ಕೊನೇದು ನೋಡಿ ನಂಗೆ ನಿಜವಾಗ್ಲೂ ಗಾಬರಿ ಆಯ್ತು, ಅದಕ್ಕೆ ಆಮೇಲೆ ಬರ್ತೀನಿ.

ನಾನು ಡಾಕ್ಟರ್ ಅಲ್ಲ, ಲ್ಯಾಬಲ್ಲಿ ಸ್ಲೈಡ್ ನೋಡೋಳು, ಹಂಗಾಗಿ ನಂಗೆ ಗೊತ್ತಿರೋದು ಸ್ಲೈಡಿನ ಕಡೆಯಿಂದ. ಈ ಟೆಸ್ಟ್ ಹೆಂಗೆ ಅಂದ್ರೆ ಡಾಕ್ಟ್ರು ಒಳಗಿಂದ ಹತ್ತಿ ಕಡ್ಡೀಲಿ ಸ್ವಲ್ಪ ಡಿಸ್ಚಾರ್ಜ್ ತೆಗೀತಾರೆ, ಅದನ್ನ ಹುಳಿ ಎಷ್ಟಿದೆ ಅಂತ ತೋರಿಸೋ ಪಿಎಚ್ ಪೇಪರಿಗೆ ಮುಟ್ಟಿಸಿದ್ರೆ ಚೆನ್ನಾಗಿರೋರದ್ದು 3.8 ರಿಂದ 4.5 ಒಳಗೆ ಇರುತ್ತೆ, ಅಂದ್ರೆ ಹುಳಿ ಕಡೆ, ನಿಂಗಿರೋ ತೊಂದ್ರೆ ಇದ್ರೆ 4.5 ದಾಟಿರುತ್ತೆ. ಆಮೇಲೆ ಸ್ಲೈಡ್ ಮೇಲೆ ಒಂದು ಹನಿ ಪೊಟ್ಯಾಸಿಯಮ್ ಹೈಡ್ರಾಕ್ಸೈಡ್ ಬಿಟ್ಟ ತಕ್ಷಣ ಮೀನಿನ ವಾಸನೆ ಗಮ್ಮಂತ ಮೇಲಕ್ಕೆ ಏಳುತ್ತೆ, ಮಾಸ್ಕ್ ಹಾಕಿದ್ರೂ ಗೊತ್ತಾಗುತ್ತೆ. ಇನ್ನೊಂದು ಸ್ಲೈಡ್ ಮೈಕ್ರೋಸ್ಕೋಪ್ ಕೆಳಗೆ ಇಟ್ರೆ ಚರ್ಮದ ಜೀವಕೋಶಗಳು ದೊಡ್ಡದಾಗಿ ಅಗಲವಾಗಿ ಕಾಣ್ಬೇಕು, ಅಂಚು ಗೆರೆ ಎಳೆದಂಗೆ ಸ್ಪಷ್ಟ ಇರ್ಬೇಕು, ಈ ಕಾಯಿಲೇಲಿ ಅಂಚೇ ಕಾಣಲ್ಲ, ಸುತ್ತ ಸಣ್ಣ ಸಣ್ಣ ಬ್ಯಾಕ್ಟೀರಿಯಾ ಮುತ್ಕೊಂಡು ಮಸುಕಾಗಿರುತ್ತೆ, ಅದಕ್ಕೆ ಕ್ಲೂ ಸೆಲ್ ಅಂತಾರೆ. ತೆಳ್ಳಗಿನ ಡಿಸ್ಚಾರ್ಜೂ ಸೇರಿ ಈ ನಾಲ್ಕರಲ್ಲಿ ಮೂರು ಇದ್ರೆ ಬಿವಿ ಅಂತ ಲೆಕ್ಕ, 1983ರಿಂದ ಇದೇ ಲೆಕ್ಕ ನಡೀತಿದೆ.

ಇಷ್ಟುದ್ದ ಯಾಕೆ ಹೇಳ್ದೆ ಅಂದ್ರೆ ಬಿಳಿ ಹೋಗೋದೆಲ್ಲ ಒಂದೇ ಅಲ್ಲ. ಮೊಸರು ಒಡೆದಂಗೆ ಗಟ್ಟಿ ಬಿಳೀದು, ತಡ್ಕೊಳ್ಳೋಕಾಗದ ತುರಿಕೆ, ವಾಸನೆ ಅಷ್ಟಿಲ್ಲ ಅಂದ್ರೆ ಅದು ಫಂಗಸ್, ಅದರ ಮಾತ್ರೆನೇ ಬೇರೆ. ಹಳದಿ ಹಸಿರು, ನೊರೆ ನೊರೆ, ಉರಿ ಅಂದ್ರೆ ಟ್ರೈಕೊಮೊನಾಸ್ ಅನ್ನೋ ಸೋಂಕು ಇರಬಹುದು, ಅದು ಗಂಡ ಹೆಂಡತಿ ಮಧ್ಯೆ ಹರಡೋದು, ಇಬ್ರಿಗೂ ಔಷಧಿ ಆಗ್ಲೇಬೇಕು. ಮುಟ್ಟಿನ ಮಧ್ಯದ ದಿನಗಳಲ್ಲಿ ಮೊಟ್ಟೆಯ ಬಿಳಿ ಥರ ಎಳೆ ಎಳೆಯಾಗಿ ಬರೋದು ಕಾಯಿಲೆನೇ ಅಲ್ಲ. ನಮ್ಮಲ್ಲೇನು ಮಾಡ್ತೀವಿ, ಮೆಡಿಕಲ್ ಶಾಪ್ ಹುಡುಗನ ಹತ್ರ ಮೆಲ್ಲಗೆ ವೈಟ್ ಡಿಸ್ಚಾರ್ಜ್ ಅಂದ್ರೆ ಅವನು ಫಂಗಸ್ ಮಾತ್ರೆ ಪೇಪರಲ್ಲಿ ಸುತ್ತಿ ಕೊಡ್ತಾನೆ, ನಾವು ತಗೊಂಡು ಬರ್ತೀವಿ, ಹೋಗಲ್ಲ, ಆಮೇಲೆ ಇಂಗ್ಲಿಷ್ ಮೆಡಿಸಿನ್ ಹಿಡಿಯಲ್ಲ ಅಂತ ಬೇವಿನೆಲೆಗೆ ಕೈ ಹಾಕ್ತೀವಿ.

ದೊಡ್ಡಮ್ಮ ಬೇಜಾರ್ ಮಾಡ್ಕೋಬೇಡಿ, ಈ ವಿಷಯದಲ್ಲಿ ಮಾತ್ರ ನಿಮ್ಮ ಮಾತು ಒಪ್ಪಲ್ಲ. ಗಾಯಕ್ಕೆ ಬೇವಿನ ನೀರು ಸರಿ, ಬಾಣಂತೀಲಿ ಹೊರಗಡೆ ಹೊಲಿಗೆ ಜಾಗಕ್ಕೆ ಬಿಸಿನೀರು ಸರಿ, ಆದ್ರೆ ಯೋನಿ ಒಳಗೆ ತೊಳೆಯೋ ಜಾಗ ಅಲ್ಲ. ಅಲ್ಲಿ ಲ್ಯಾಕ್ಟೋಬ್ಯಾಸಿಲಸ್ ಅನ್ನೋ ಒಳ್ಳೆ ಬ್ಯಾಕ್ಟೀರಿಯಾ ಇರುತ್ತೆ, ಅದು ಲ್ಯಾಕ್ಟಿಕ್ ಆಸಿಡ್ ಮಾಡಿ ಜಾಗನ ಹುಳಿಯಾಗಿ ಇಡುತ್ತೆ, ಹುಳಿ ಇದ್ರೆ ಬೇರೆ ಬ್ಯಾಕ್ಟೀರಿಯಾ ತಲೆ ಎತ್ತಲ್ಲ. ಈ ಒಳ್ಳೇದು ಕಮ್ಮಿ ಆದಾಗ ಗಾರ್ಡ್ನರೆಲ್ಲ ಅನ್ನೋ ಬ್ಯಾಕ್ಟೀರಿಯಾ ಮತ್ತೆ ಅದರ ಜೊತೆಯವು ತುಂಬ್ಕೊಳ್ತವೆ, ವಾಸನೆ ಅವುಗಳದ್ದು. ಬೇವು, ಪಟಿಕ, ಡೆಟಾಲ್, ಸೋಪು, ಯಾವುದಾಕಿ ಒಳಗೆ ತೊಳೆದ್ರೂ ಮೊದಲು ಸಾಯೋದು ಆ ಒಳ್ಳೇದೇ. ಎರಡು ದಿನ ವಾಸನೆ ಇರಲ್ಲ, ವಾಸಿ ಆಯ್ತು ಅನ್ಸುತ್ತೆ, ಆಮೇಲೆ ಜೋರಾಗಿ ಬರುತ್ತೆ, ವಾಸನೆ ಬಂತಲ್ಲ ಅಂತ ಮತ್ತೆ ತೊಳೀತೀವಿ. ಪಟಿಕ ಅಂತೂ ಚರ್ಮ ಬಿಗಿ ಮಾಡಿ ಒಣಗಿಸುತ್ತೆ, ಸೀಳು ಬಿಡುತ್ತೆ. ಒಳಗಡೆ ತೊಳೆಯೋ ಅಭ್ಯಾಸ ಇರೋರಲ್ಲೇ ಈ ಕಾಯಿಲೆ ಜಾಸ್ತಿ ಅಂತ ಎಷ್ಟೋ ದೇಶದಲ್ಲಿ ನೋಡಿದಾರೆ, ಸೋಂಕು ಗರ್ಭಕೋಶದ ಕಡೆ ಹತ್ತೋ ಅಪಾಯನೂ ಅವರಲ್ಲೇ ಹೆಚ್ಚು.

ಮೊಸರಿನ ವಿಷಯ. ತಿನ್ನೋಕೆ ಬೇಕಾದಷ್ಟು ತಿನ್ನು, ಮಜ್ಜಿಗೆ ಕುಡಿ. ಒಳಗೆ ಹಚ್ಚೋದು ಬೇಡ. ಮೊಸರು ಹೆಪ್ಪಾಗಿಸೋ ಬ್ಯಾಕ್ಟೀರಿಯಾ ಬೇರೆ ಜಾತಿ, ಯೋನೀಲಿ ಇರಬೇಕಾದ ಕ್ರಿಸ್ಪೇಟಸ್ ಅನ್ನೋ ಲ್ಯಾಕ್ಟೋಬ್ಯಾಸಿಲಸ್ ಬೇರೆ ಜಾತಿ, ಹಾಲಲ್ಲಿ ಬೆಳೆದಿದ್ದು ಅಲ್ಲಿ ಹೋಗಿ ನೆಲೆ ನಿಲ್ಲಲ್ಲ. ಆ ಕ್ರಿಸ್ಪೇಟಸ್‌ನೇ ಪುಡಿ ಮಾಡಿ, ಬಿವಿಗೆ ಕೊಡೋ ಮೆಟ್ರೊನಿಡಜೋಲ್ ಅನ್ನೋ ಔಷಧಿ ಕೋರ್ಸ್ ಆದ್ಮೇಲೆ ಒಳಗೆ ಹಾಕಿ ಅಮೆರಿಕಾದಲ್ಲಿ ಪರೀಕ್ಷೆ ಮಾಡಿದ್ರು, 2020ರಲ್ಲಿ ಬಂತು, ಸುಮ್ನೆ ಡಮ್ಮಿ ಪುಡಿ ಹಾಕಿದೋರಲ್ಲಿ 12 ವಾರದಲ್ಲಿ 100ಕ್ಕೆ 45 ಜನಕ್ಕೆ ವಾಪಸ್ ಬಂದಿತ್ತು, ಇದು ಹಾಕಿದೋರಲ್ಲಿ 30. ಅಂದ್ರೆ ಸರಿಯಾದ ಜಾತೀದೇ ಲ್ಯಾಬಲ್ಲಿ ಬೆಳೆಸಿ ಹಾಕಿದ್ರೂ ಅಷ್ಟೇ ಲಾಭ, ಇನ್ನು ಮನೆ ಮೊಸರು ಹತ್ತೀಲಿ ಅದ್ದಿಟ್ರೆ ಏನಾಗುತ್ತೆ ನೀವೇ ಹೇಳಿ ಅತ್ತಿಗೆ. ಬೆಳ್ಳುಳ್ಳಿ ಬಗ್ಗೆ ಒಂದೇ ಮಾತು, ಅಲ್ಲಿನ ಚರ್ಮ ಬಾಯಿ ಒಳಗಿನ ಚರ್ಮಕ್ಕಿಂತ ಗಟ್ಟಿ ಏನಲ್ಲ, ಹಸಿ ಬೆಳ್ಳುಳ್ಳಿ ಕೆನ್ನೆ ಒಳಗೆ ರಾತ್ರಿಯೆಲ್ಲ ಇಟ್ಕೊಂಡು ನೋಡಿ ಆಮೇಲೆ ಫಾರ್ವರ್ಡ್ ಮಾಡಿ.

ಈಗ ಬೋರಿಕ್. ಇದರಲ್ಲಿ ಅರ್ಧ ನಿಜ ಇದೆ, ಅದಕ್ಕೇ ಭಯ. ಮತ್ತೆ ಮತ್ತೆ ಬರೋರಿಗೆ ಕೆಲವು ಡಾಕ್ಟ್ರು ಬೋರಿಕ್ ಆಸಿಡ್ 600 ಮಿಲಿಗ್ರಾಂ ಕ್ಯಾಪ್ಸೂಲ್ ಒಳಗಿಡೋಕೆ ಕೊಡ್ತಾರೆ, ಅದೂ ಮೊದಲು ಮಾತ್ರೆ ಕೋರ್ಸ್ ಮುಗಿಸಿ, 21 ದಿನ ಅಂತ ಲೆಕ್ಕ ಹಾಕಿ. ಆದ್ರೆ ನಮ್ಮ ಮನೇಲಿ ಬೋರಿಕ್ ಪೌಡರ್ ಅಂದ್ರೆ ಮಕ್ಕಳು ಕ್ಯಾರಮ್ ಬೋರ್ಡಿಗೆ ಹಾಕೋ ಡಬ್ಬಿ, ಇಲ್ಲಾಂದ್ರೆ ಜಿರಳೆಗೆ ಹಿಟ್ಟಿನ ಉಂಡೆ ಮಾಡೋದು. ಅದರಲ್ಲಿ ಏನೇನು ಬೆರೆಸಿರ್ತಾರೋ, ಎಷ್ಟು ಹಾಕ್ಬೇಕೋ ಯಾರಿಗೆ ಗೊತ್ತು. ಬಾಯಿಗೆ ಹೋದ್ರೆ ವಿಷ, ಮನೇಲಿ ಮಗು ಇದ್ರೆ ಆ ಕ್ಯಾಪ್ಸೂಲೂ ಕೈಗೆ ಸಿಗಬಾರದು. ಬಸುರಿ ಅಥವಾ ಬಸುರಿ ಆಗೋ ಯೋಚನೆ ಇರೋರು ಮುಟ್ಟಲೇಬಾರದು. ಆ ಫಾರ್ವರ್ಡ್‌ನ ದಯವಿಟ್ಟು ಇನ್ನೊಂದು ಗ್ರೂಪಿಗೆ ಕಳಿಸ್ಬೇಡಿ.

ಉಷ್ಣ ಆಗಿದೆ ಅದಕ್ಕೇ ಬಿಳಿ ಹೋಗುತ್ತೆ ಅನ್ನೋದು ನಮ್ಮಜ್ಜಿ ಕಾಲದಿಂದ ಬಂದಿರೋದು, ಎಳನೀರು, ಮೆಂತ್ಯ ನೆನೆಸಿದ ನೀರು, ಕಾಮಕಸ್ತೂರಿ ಬೀಜ, ಅಕ್ಕಿ ತೊಳೆದ ನೀರು, ಬಾರ್ಲಿ ಗಂಜಿ, ಇವೆಲ್ಲ ಕುಡೀರಿ, ಹೊಟ್ಟೆಗೆ ತಂಪು, ಉರಿ ಮೂತ್ರ ಇದ್ರೆ ಹಾಯ್ ಅನ್ಸುತ್ತೆ, ತೊಂದ್ರೆ ಇಲ್ಲ. ಬಿವಿ ಇದರಿಂದ ಹೋಗಲ್ಲ ಅಷ್ಟೇ. ನಾನು ಕುಡೀಬೇಡಿ ಅನ್ನಲ್ಲ, ಅದನ್ನ ಕುಡೀತಾ ಆರು ತಿಂಗಳು ಕಾಯಬೇಡಿ ಅಂತೀನಿ.

ಮತ್ತೆ ಮತ್ತೆ ಯಾಕೆ ಬರುತ್ತೆ ಅಂದ್ರೆ, ಆ ಗಾರ್ಡ್ನರೆಲ್ಲ ಗೋಡೆಗೆ ಒಂದು ಲೋಳೆ ಪದರ ಕಟ್ಕೊಂಡಿರುತ್ತೆ, ನಮ್ಮ ಸಂಪಿನ ಒಳಗೋಡೆಗೆ ಜಾರು ಹಿಡಿಯುತ್ತಲ್ಲ ಹಂಗೆ, ನೀರು ಖಾಲಿ ಮಾಡಿ ಬ್ಲೀಚಿಂಗ್ ಹಾಕಿದ್ರೂ ಜಾರು ಅಂಟಿರೋ ಕಡೆಯಿಂದ ಮತ್ತೆ ಹಬ್ಬುತ್ತೆ. ಮಾತ್ರೆ ಮೇಲಿಂದು ತೆಗೆಯುತ್ತೆ, ಬುಡ ಉಳಿಯುತ್ತೆ. ಔಷಧಿ ತಗೊಂಡೋರಲ್ಲೂ ಅರ್ಧಕ್ಕಿಂತ ಜಾಸ್ತಿ ಜನಕ್ಕೆ ಒಂದು ವರ್ಷದೊಳಗೆ ವಾಪಸ್ ಬರುತ್ತೆ, ಹಂಗಾಗಿ ಸುಮಾ ನಿಂಗೊಬ್ಬಳಿಗೇ ಅಂತ ಅಳಬೇಡ, ನಿಂದು ಗಲೀಜು ಅಂತ ಯಾರಾದ್ರೂ ಅಂದ್ರೆ ಅವರ ಬಾಯಿ ಮುಚ್ಸು. ಮೈಸೂರಲ್ಲೇ 2005-06ರಲ್ಲಿ ಮದುವೆ ಆದ ಸಣ್ಣ ವಯಸ್ಸಿನ ಹೆಂಗಸ್ರನ್ನ ಟೆಸ್ಟ್ ಮಾಡಿದಾಗ ಹತ್ರ ಹತ್ರ ಐದರಲ್ಲಿ ಒಬ್ರಿಗೆ ಇದಿತ್ತು. ಎಷ್ಟೋ ಜನಕ್ಕೆ ಇರೋದೇ ಗೊತ್ತಿರಲ್ಲ.

ಇನ್ನೊಂದು ಕಾರಣ ಗಂಡಂದು, ಇದು ಹೊಸ ವಿಷಯ ಸರಿಯಾಗಿ ಕೇಳಿಸ್ಕೊಳ್ಳಿ. ಇಷ್ಟು ವರ್ಷ ಡಾಕ್ಟ್ರುಗಳೇ ಗಂಡನಿಗೆ ಔಷಧಿ ಬೇಡ ಅಂತಿದ್ರು. 2025ರ ಮಾರ್ಚಲ್ಲಿ ಆಸ್ಟ್ರೇಲಿಯಾದ ಮೆಲ್ಬರ್ನ್‌ನೋರು ಒಂದು ಟ್ರಯಲ್ ರಿಸಲ್ಟ್ ಕೊಟ್ರು, 164 ಜೋಡಿ, ಎಲ್ಲ ಒಬ್ಬರಿಗೊಬ್ಬರು ಅಂತ ಇರೋ ಗಂಡ ಹೆಂಡ್ತಿ ಥರದವ್ರು. ಹೆಂಗಸಿಗೆ ಮಾತ್ರ ಔಷಧಿ ಕೊಟ್ಟ ಗುಂಪಲ್ಲಿ 12 ವಾರದೊಳಗೆ 100ಕ್ಕೆ 63 ಜನಕ್ಕೆ ಮತ್ತೆ ಬಂತು, ಗಂಡನಿಗೂ ಕೊಟ್ಟ ಗುಂಪಲ್ಲಿ 35. ವ್ಯತ್ಯಾಸ ಎಷ್ಟಿತ್ತು ಅಂದ್ರೆ ಟ್ರಯಲ್‌ನ ಅರ್ಧದಲ್ಲೇ ನಿಲ್ಲಿಸಿದ್ರು. ಗಂಡಸಿಗೆ ಕೊಟ್ಟಿದ್ದು ಮೆಟ್ರೊನಿಡಜೋಲ್ ಮಾತ್ರೆ ಜೊತೆಗೆ ಶಿಶ್ನದ ಚರ್ಮಕ್ಕೆ ಹಚ್ಚೋ ಕ್ಲಿಂಡಾಮೈಸಿನ್ ಕ್ರೀಮ್, ಎರಡೂ ಒಂದು ವಾರ. ಬರೀ ಮಾತ್ರೆ ಕೊಟ್ಟು ಹಿಂದೆ ಮಾಡಿದ್ದ ಟ್ರಯಲ್‌ಗಳಲ್ಲಿ ಪ್ರಯೋಜನ ಕಂಡಿರ್ಲಿಲ್ಲ. ಎಲ್ಲ ಡಾಕ್ಟ್ರಿಗೂ ಇದು ತಲುಪಿರಲ್ಲ, ನೀನೇ ಕೇಳು, ಮೇಡಂ ನಮ್ಮನೆಯವ್ರಿಗೂ ಕೊಡಬಹುದಾ ಅಂತ. ಅವ್ರು ನಂಗೇನಾಗಿದೆ ಅಂತ ಎಗರಾಡಿದ್ರೆ ಹೇಳು, ನಿಮ್ಮ ಮೇಲೆ ಅನುಮಾನ ಇಲ್ಲ ಕಣ್ರೀ, ಗಂಡಸ್ರಿಗೆ ಏನೂ ಗೊತ್ತಾಗದೇನೇ ಆ ಬ್ಯಾಕ್ಟೀರಿಯಾ ಚರ್ಮದಲ್ಲಿ ಇರುತ್ತೆ ಅಂತ. ಅಲ್ಲೀವರೆಗೂ ಕಾಂಡೋಮ್ ಹಾಕ್ಲಿ. ವೀರ್ಯ ಕ್ಷಾರದ ಕಡೆ ಇರೋದು, ಮುಟ್ಟಿನ ರಕ್ತನೂ ಹಂಗೇ, ಅದಕ್ಕೇ ಸೇರಿದ್ಮೇಲೆ ಮತ್ತೆ ಮುಟ್ಟು ಆದ್ಮೇಲೆ ನಿಂಗೆ ವಾಸನೆ ಜೋರು. ಒಂದು ಎಚ್ಚರ, ಕ್ಲಿಂಡಾಮೈಸಿನ್ ಕ್ರೀಮಲ್ಲಿ ಎಣ್ಣೆ ಅಂಶ ಇರುತ್ತೆ, ಕಾಂಡೋಮ್ ಹರಿಯುತ್ತೆ, ಆ ಕೋರ್ಸ್ ನಡೆಯೋವಾಗ ಸೇರದೇ ಇರೋದು ಒಳ್ಳೇದು.

ಡಾಕ್ಟರ್ ಹತ್ರ ಹೋದಾಗ ವರ್ಷದಲ್ಲಿ ಮೂರಕ್ಕಿಂತ ಜಾಸ್ತಿ ಸಲ ಆಗಿದೆ ಅಂತ ಮೊದಲೇ ಹೇಳು, ಹಳೇ ಚೀಟಿಗಳು ತಗೊಂಡು ಹೋಗು. ಮಾಮೂಲಿ ಕೋರ್ಸ್ ಮೆಟ್ರೊನಿಡಜೋಲ್ ದಿನಕ್ಕೆ ಎರಡು ಸಲ 7 ದಿನ, ಬಾಯೆಲ್ಲ ಕಬ್ಬಿಣದ ರುಚಿ ಬರುತ್ತೆ, ವಾಕರಿಕೆ, ಅದಕ್ಕೇ ಮೂರನೇ ದಿನ ವಾಸನೆ ಹೋಯ್ತು ಅಂತ ನಿಲ್ಲಿಸ್ತಾರೆ ಎಲ್ರೂ. ಊಟ ಮಾಡಿ ನುಂಗು, ಏಳು ದಿನ ಮುಗಿಸು. ಮತ್ತೆ ಮತ್ತೆ ಬರೋರಿಗೆ ಅದಾದ್ಮೇಲೆ ಮೆಟ್ರೊನಿಡಜೋಲ್ ಜೆಲ್ ವಾರಕ್ಕೆ ಎರಡು ಸಲ ನಾಲ್ಕರಿಂದ ಆರು ತಿಂಗಳು ಹಾಕೋ ಪದ್ಧತಿ ಇದೆ, ಅದನ್ನೂ ಕೇಳು. ಕಾಪರ್ ಟಿ ಹಾಕಿಸ್ಕೊಂಡಿದ್ರೆ ಹೇಳು, ಅದು ಇರೋರಲ್ಲಿ ಸ್ವಲ್ಪ ಜಾಸ್ತಿ ಕಾಣುತ್ತೆ. ಟೆಸ್ಟಿಗೆ ಹೋಗೋ ದಿನ, ಇದು ಲ್ಯಾಬಿನವಳಾಗಿ ನನ್ನ ಗೋಳು, ಬೆಳಿಗ್ಗೆ ಸ್ನಾನ ಮಾಡ್ವಾಗ ಒಳಗೆಲ್ಲ ತೊಳ್ಕೊಂಡು ಬರ್ಬೇಡಿ ಅಮ್ಮಂದಿರಾ, ಡಾಕ್ಟ್ರಿಗೆ ಗಲೀಜು ಕಾಣಬಾರದು ಅಂತ ಫಳಫಳ ಮಾಡ್ಕೊಂಡು ಬರ್ತೀರಾ, ಸ್ಲೈಡಲ್ಲಿ ಏನೂ ಸಿಗಲ್ಲ, ರಿಪೋರ್ಟ್ ನಾರ್ಮಲ್ ಅಂತ ಹೋಗುತ್ತೆ. ಎರಡು ದಿನ ಮುಂಚಿಂದ ಒಳಗೆ ಮಾತ್ರೆ ಕ್ರೀಮ್ ಏನೂ ಹಾಕಿರಬಾರದು, ಸೇರಿರಬಾರದು, ಮುಟ್ಟಲ್ಲಿ ಹೋಗಬಾರದು. ಪ್ರೈವೇಟಲ್ಲಿ ದುಡ್ಡು ಜಾಸ್ತಿ ಅನ್ಸಿದ್ರೆ ಜಿಲ್ಲಾಸ್ಪತ್ರೇಲಿ ಲೈಂಗಿಕ ಸೋಂಕು ನೋಡೋ ಸುರಕ್ಷಾ ಕ್ಲಿನಿಕ್ ಅಂತ ಇರುತ್ತೆ, ಔಷಧಿ ಫ್ರೀ, ಬೋರ್ಡ್ ನೋಡಿ ನಾಚ್ಕೋಬೇಡ, ಬಿಳಿ ಹೋಗೋದಕ್ಕೂ ಅಲ್ಲೇ ನೋಡೋದು.

ಮನೇಲಿ ಮಾಡೋದು ಅಂದ್ರೆ ಬಿಡೋದೇ ಜಾಸ್ತಿ. ಒಳಗೆ ಬೆರಳು ಹಾಕಿ ತೊಳೆಯೋದು ಬಿಡು, ಹೊರಗೆ ಬರೀ ನೀರು ಸಾಕು, ಟಿವೀಲಿ ಬರೋ ವಾಶ್ ಹಾಕ್ಲೇಬೇಕು ಅಂದ್ರೆ ಹೊರಗಡೆ ಮಾತ್ರ. ಸೆಂಟ್ ಇರೋ ಪ್ಯಾಡ್, ದಿನಾ ಪ್ಯಾಂಟಿ ಲೈನರ್ ಬೇಡ. ಹತ್ತಿ ಬಟ್ಟೆ ಹಾಕು, ರಾತ್ರಿ ಸಡಿಲ ಇರ್ಲಿ. ಒಳಉಡುಪನ್ನ ಸೀರೆ ಕೆಳಗೆ ಬಚ್ಚಿಟ್ಟು ಒಣಗಿಸ್ಬೇಡಿ, ಬಿಸಿಲಿಗೆ ಹಾಕಿ.

ಹೊಟ್ಟೆ ಕೆಳಗೆ ನೋವು ಜ್ವರ ಬಂದ್ರೆ, ಸೇರಿದ್ಮೇಲೆ ರಕ್ತ ಕಂಡ್ರೆ, ಮುಟ್ಟು ನಿಂತೋರಿಗೆ ಹೊಸದಾಗಿ ಡಿಸ್ಚಾರ್ಜ್ ಶುರುವಾದ್ರೆ ಇದ್ಯಾವ ಮಾತೂ ಬೇಡ ಸೀದಾ ಆಸ್ಪತ್ರೆ. ರಮ್ಯಾ ನೀನು ಈಗ ಐದು ತಿಂಗಳು, ನಿಂಗೆ ವಾಸನೆ ಡಿಸ್ಚಾರ್ಜ್ ಅನ್ಸಿದ್ರೆ ಮುಂದಿನ ಚೆಕಪ್ ತನಕ ಕಾಯ್ಬೇಡ, ಅವಧಿಗೆ ಮುಂಚೆ ಹೆರಿಗೆಗೂ ಇದಕ್ಕೂ ನಂಟಿದೆ, ಬಸುರೀಲೂ ಕೊಡಬಹುದಾದ ಔಷಧಿ ಇದೆ.

ಸುಮಾ ಡಾಕ್ಟ್ರು ಬರೆದ ಚೀಟಿ ಫೋಟೋ ಗ್ರೂಪಲ್ಲಿ ಹಾಕ್ಬೇಡ, ನಂಗೆ ಪರ್ಸನಲ್ ಆಗಿ ಕಳ್ಸು ನೋಡ್ತೀನಿ. ಇವತ್ತಿಂದ ಆ ಬೇವಿನ ನೀರು ನಿಲ್ಸು, ಕುದಿಸಿಟ್ಟಿರೋದು ಉಳಿದಿದ್ರೆ ಗುಲಾಬಿ ಗಿಡಕ್ಕೆ ಹುಳ ಬಂದಿದೆ ಅಂದಿದ್ಯಲ್ಲ, ಪಟಿಕ ಹಾಕಿಲ್ಲ ಅಂದ್ರೆ ಅದಕ್ಕೆ ಸಿಂಪಡಿಸು.